ಏಳನೆಯ ಕೊಂಡಿ

ನಾನು ಒಂದು ಸುತ್ತಿಗೆ. ಮೊಳೆ ಹೊಡೆಯುವುದು ನನ್ನ ಕೆಲಸವಲ್ಲ, ಕಬ್ಬಿಣವನ್ನು ಮಾತಾಡಿಸುವುದು ನನ್ನ ಕೆಲಸ. ನನ್ನ ತಲೆ ಒಂದು ನಿಂಬೆಹಣ್ಣಿನಷ್ಟು ದೊಡ್ಡದು. ಹಿಡಿ ಮಾತ್ರ ಉದ್ದ, ಜಾಲಿಮರದ್ದು.

ರೈಲು ಕಾರ್ಖಾನೆಯೊಂದರ ಕುಲುಮೆಯಲ್ಲಿ, ಮುರಿದ ಗಾಡಿಯೊಂದರ ಉಕ್ಕಿನ ತುಂಡಿನಿಂದ ನನ್ನನ್ನು ಬಡಿದು ಮಾಡಿದರು. ಮೊದಲು ನನ್ನನ್ನು ಹಿಡಿದವನು ಯಂಕಪ್ಪ ಮುಳಗುಂದ. ನಿಲ್ದಾಣದಲ್ಲಿ ಗಾಡಿ ನಿಂತೊಡನೆ ಅವನು ಕೆಳಗಿಳಿದು ಒಂದೊಂದೇ ಗಾಲಿಗೆ ನನ್ನನ್ನು ತಾಗಿಸುತ್ತಿದ್ದ. 'ಟಣ್' ಎಂದರೆ ಗಾಲಿ ಗಟ್ಟಿ. 'ದಬ್' ಎಂದರೆ ಒಳಗೆಲ್ಲೋ ಬಿರುಕು. ದಬ್ ಎಂದ ಗಾಲಿಯನ್ನು ಅವನು 'ಮೂಕ' ಎನ್ನುತ್ತಿದ್ದ. ಮೂಕ ಗಾಲಿ ಇರುವ ಗಾಡಿಯನ್ನು ಬಿಡಲು ಒಪ್ಪುತ್ತಲೇ ಇರಲಿಲ್ಲ. ಸ್ಟೇಷನ್ ಮಾಸ್ತರರು ಗಡಿಯಾರ ತೋರಿಸಿ ರೇಗಿದರೆ, "ಗಡಿಯಾರಕ್ಕ ಕಿವಿ ಇಲ್ರಿ ಸಾಹೇಬ್ರ, ನನಗ ಎರಡ ಅದಾವ" ಎನ್ನುತ್ತಿದ್ದ. ನಮ್ಮ ಕಸುಬಿನಲ್ಲಿ ಸುಳ್ಳಿಗೆ ಜಾಗವಿರಲಿಲ್ಲ. ನಾನು ಹೇಳಿದ್ದನ್ನು ಅವನು ನಂಬುತ್ತಿದ್ದ. ಅವನು ಹೇಳಿದ್ದನ್ನು ಗಾಡಿಯ ತುಂಬ ಕೂತ ಜನ ನಂಬುತ್ತಿದ್ದರು.

ಯಂಕಪ್ಪನ ಕಾಲ ಮುಗಿಯಿತು. ಬಹಳ ವರ್ಷ ನಾನು ಅವನ ಮನೆಯ ಅಡುಗೆಕೋಣೆಯಲ್ಲಿ ಮೊಳೆಗೆ ನೇತಾಡಿದೆ. ಹೆಂಗಸರು ನನ್ನಿಂದ ಬೆಲ್ಲದ ಅಚ್ಚು ಒಡೆದರು, ಒಣಶುಂಠಿ ಜಜ್ಜಿದರು. ಮೈಗೆ ಅಂಟು ಹತ್ತಿತು, ಇರುವೆ ಮುತ್ತಿತು. ನಾನು ಬೇಸರಪಟ್ಟುಕೊಳ್ಳಲಿಲ್ಲ. ಆ ಮನೆಯ ಒಂದು ಮೋಟು ಜಡೆಯ ಹುಡುಗಿ ಒಂದು ದಿನ ನನ್ನನ್ನು ಇಳಿಸಿಕೊಂಡು ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ತಟ್ಟಿ ತಟ್ಟಿ ನೋಡಿದಳು. ಕೊನೆಗೆ ಹಿಟ್ಟಿನ ಡಬರಿಗೆ ಕಿವಿ ಇಟ್ಟು, "ಯವ್ವಾ, ಇದು ಮೂಕ ಐತಿ!" ಎಂದು ಕೂಗಿದಳು. ತಾಯಿ ನೀರು ಹಾಕಿ ನೋಡಿದರೆ ತಳದಲ್ಲಿ ಕೂದಲೆಳೆಯಷ್ಟು ಸೀಳು. ಆ ಹುಡುಗಿ ಯಂಕಪ್ಪನ ಮರಿಮೊಮ್ಮಗಳು, ಗಂಗವ್ವ.

ಗಂಗವ್ವ ಬೆಳೆದು 'ಮಲಪ್ರಭಾ' ಎಂಬ ನಕ್ಷತ್ರನೌಕೆಗೆ ಕ್ಯಾಪ್ಟನ್ ಆದಳು. ಪೆಟ್ಟಿಗೆಯಲ್ಲಿ ನಾನೂ ಹೋದೆ.

ಆಕಾಶದಲ್ಲಿ ಹಡಗುಗಳು ತಂಗುವ ಬಂದರಿಗೆ ನಮ್ಮವರು 'ಕಟ್ಟೆ' ಎನ್ನುತ್ತಾರೆ. ಹಡಗಿನ ಬಾಗಿಲಿಗೂ ಕಟ್ಟೆಯ ಬಾಗಿಲಿಗೂ ನಡುವೆ ಒಂದು ಸಣ್ಣ ಕೊಳವೆದಾರಿ ಇರುತ್ತದೆ. ಅದಕ್ಕೆ 'ಓಣಿ' ಎಂದು ಹೆಸರು. ಹನ್ನೆರಡು ಉಕ್ಕಿನ ಕೊಂಡಿಗಳು ಓಣಿಯನ್ನು ಹಿಡಿದಿರುತ್ತವೆ. ಹೊರಡುವಾಗ ಎರಡೂ ಬಾಗಿಲು ಮುಚ್ಚಿ, ಕೊಂಡಿ ಬಿಟ್ಟರೆ ಹಡಗು ಕಳಚಿಕೊಳ್ಳುತ್ತದೆ. ಕೊಂಡಿ ಬಿಡುವ ಸನ್ನೆಗೋಲು ಕಟ್ಟೆಯಲ್ಲೊಂದು, ಹಡಗಿನಲ್ಲೊಂದು. ಆಗ ಓಣಿಯಲ್ಲಿ ಯಾರಾದರೂ ಉಳಿದಿದ್ದರೆ, ಅವರಿಗೆ ಗಾಳಿ ಉಳಿಯುವುದಿಲ್ಲ.

ಪ್ರತಿ ಸಲ ಹೊರಡುವ ಮುನ್ನ ಗಂಗವ್ವ ಓಣಿಗೆ ಇಳಿದು, ಹೆಲ್ಮೆಟ್ ತೆಗೆದು, ಹನ್ನೆರಡೂ ಕೊಂಡಿಗೆ ನನ್ನಿಂದ ತಟ್ಟಿ, ಉಕ್ಕಿಗೆ ಕಿವಿ ಇಟ್ಟು ಕೇಳುತ್ತಿದ್ದಳು. ಯಂತ್ರ ಎಲ್ಲ ಸರಿಯಿದೆಯೆಂದು ಹಸಿರು ದೀಪ ತೋರಿಸುತ್ತಿತ್ತು. ಅವಳ ಉಪನಾಯಕ ಸಿದ್ಲಿಂಗಪ್ಪ ಹೊಂಬಳ ಅದನ್ನೇ ಹೇಳಿದರೆ ನಗುತ್ತಿದ್ದಳು.

"ಹಸಿರು ದೀಪ ಉರದ್ರ ದೀಪ ಚಲೋ ಐತಿ ಅಂತ ಅರ್ಥ ಸಿದ್ಲಿಂಗಣ್ಣ. ಕೊಂಡಿ ಚಲೋ ಐತಿ ಅಂತಲ್ಲ."

"ಅಕ್ಕಾರ, ನಿಮ್ಮ ಮುತ್ತಜ್ಜ ಹಡಗಿಗೂ ಗಾಲಿ ಅದಾವ ಅಂತ ತಿಳದಾನೇನ್ರಿ?" ಎಂದು ಯಂತ್ರಗಳ ಉಸ್ತುವಾರಿಯ ಮಾಬುಬಿ ನದಾಫ್ ಕೀಟಲೆ ಮಾಡುತ್ತಿದ್ದಳು. ಮೂವರೂ ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದರು. ಹಿಂಡಿ ಕುಟ್ಟುವುದು ಕ್ಯಾಪ್ಟನ್ನಳ ಕೆಲಸ. ಅದನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ.

ಆ ದಿನ ನಾವು ಮೂರನೇ ಕಟ್ಟೆಯಲ್ಲಿದ್ದೆವು. ಅಲ್ಲಿಯ ಅಧೀಕ್ಷಕ ವಿರೂಪಣ್ಣನ ಕೋಣೆಯ ಬಾಗಿಲಿಗೆ ಒಂದು ಹಿತ್ತಾಳೆ ಫಲಕವಿತ್ತು: 'ಒಂದು ನಿಮಿಷವೂ ತಡವಾಗದ ಕಟ್ಟೆ'. ಗಂಗವ್ವ ಎರಡೂ ಬಾಗಿಲು ಮುಚ್ಚಿಸಿ ಓಣಿಯಲ್ಲಿ ಕೊಂಡಿಗಳನ್ನು ತಟ್ಟುತ್ತಿದ್ದಳು. ಏಳನೆಯದಕ್ಕೆ ನಾನು 'ದಬ್' ಎಂದೆ. ಅವಳು ಮತ್ತೆ ತಟ್ಟಿದಳು. ದಬ್. ಗೋಡೆಯ ಫೋನು ತೆಗೆದು ಕಟ್ಟೆಗೆ ಹೇಳಿದಳು:

"ಏಳನೇದು ಮೂಕ ಐತ್ರಿ. ನಾ ಇನ್ನೂ ಓಣ್ಯಾಗ ಅದೀನಿ. ಕೊಂಡಿ ಬಿಡಬ್ಯಾಡ್ರಿ."

"ಟೈಮ್ ಆತ್ರಿ ತಾಯಿ," ಎಂದಿತು ವಿರೂಪಣ್ಣನ ದನಿ. "ಹಿಂದ ಎರಡು ಹಡಗು ನಿಂತಾವ. ಲಗೂನ ಒಳಗ ಹೋಗ್ರಿ."

ಎಚ್ಚರಿಕೆಯ ಗಂಟೆ ಅರ್ಧ ನಿಮಿಷ ಬಾರಿಸಿತು. ಹಡಗಿನ ಬಾಗಿಲು ತೆರೆಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕೆಂದು ಕಟ್ಟೆಯಲ್ಲಿ ದುಡಿಯುವ ಪ್ರತಿಯೊಬ್ಬನಿಗೂ ಗೊತ್ತು. ಗಂಗವ್ವ ನನ್ನಿಂದ ಬಾಗಿಲನ್ನು ಬಡಿದಳು. ಮತ್ತೆ ಮತ್ತೆ ಬಡಿದಳು. ಕೊನೆಯ ಏಟಿಗೆ ನನ್ನ ಕುತ್ತಿಗೆಯಲ್ಲಿ ಏನೋ ಚಿಟ್ಟೆಂದಿತು. ಆಮೇಲೆ ಕೊಂಡಿಗಳು ಕಳಚಿದವು, ಗಾಳಿ ಹೋಯಿತು, ಸದ್ದೇ ಇರಲಿಲ್ಲ.

ಅವಳ ದೇಹವನ್ನು ಒಳಗೆ ತಂದಾಗ ನಾನು ಅವಳ ಮಣಿಕಟ್ಟಿಗೆ ಕಟ್ಟಿದ ದಾರದಲ್ಲೇ ಇದ್ದೆ. ಮಾಬುಬಿ ಗಂಟು ಬಿಚ್ಚಲು ನೋಡಿದಳು. ಬಿಚ್ಚಲಾಗಲಿಲ್ಲ. ಕತ್ತರಿ ತಂದು ಕತ್ತರಿಸಿದಳು.

ವಿಚಾರಣೆ ನಡೆಯಿತು. ಓಣಿ ಖಾಲಿಯಿದೆಯೆಂದೇ ಸನ್ನೆಗೋಲು ಎಳೆದದ್ದು, ಅಲ್ಲಿಂದ ತನಗೆ ಯಾವ ಕರೆಯೂ ಬರಲಿಲ್ಲ ಎಂದ ವಿರೂಪಣ್ಣ. ಆ ಫೋನಿನ ದಾಖಲೆ ಕಟ್ಟೆಯಲ್ಲಿ ಸಿಗಲಿಲ್ಲ. ಓಣಿಯಲ್ಲಿ ಹೊತ್ತು ಮೀರಿ ನಿಂತದ್ದು, ಹೆಲ್ಮೆಟ್ ತೆಗೆದದ್ದು, ಎರಡೂ ಕ್ಯಾಪ್ಟನ್ನಳದೇ ತಪ್ಪು ಎಂದು ಬರೆದು ಮುಗಿಸಿದರು. ಅವಳ ಕೊನೆಯ ಮಾತು ಕೇಳಿದವರು ಇಬ್ಬರೇ. ಒಬ್ಬ ಸುಳ್ಳು ಹೇಳಿದ. ಇನ್ನೊಬ್ಬ ನಾನು. ನನಗೆ ಇದ್ದದ್ದು ಎರಡೇ ಮಾತು, ಟಣ್ ಮತ್ತು ದಬ್.

ಆ ದಿನದಿಂದ ನನ್ನ ಉಕ್ಕಿನೊಳಗೆ ಒಂದು ಆಸೆ ಕೂತುಬಿಟ್ಟಿತು. ಯಾರಾದರೂ ನನ್ನನ್ನು ಆ ವಿರೂಪಣ್ಣನ ಹಣೆಯ ಮೇಲೆ ಒಮ್ಮೆ ಬೀಸಲಿ. ಒಂದೇ ಸಲ.

ಸಿದ್ಲಿಂಗಪ್ಪ ಕ್ಯಾಪ್ಟನ್ ಆದ. ಅವನು ಅಳಲಿಲ್ಲ. 'ಕ್ಯಾಪ್ಟನ್ ಇಲ್ಲ. ಹಡಗು ಮುಂದಿನ ಪಾಳಿಗೆ ಸಿದ್ಧ' ಎಂದು ದಿನಚರಿ ಬರೆದ. ಮಾಬುಬಿಯೂ ಅಳಲಿಲ್ಲ. ತಿಂಗಳಿಗೊಮ್ಮೆ ಬದಲಿಸುವ ಗಾಳಿಜರಡಿಯನ್ನು ವಾರಕ್ಕೆ ಮೂರು ಸಲ ಬದಲಿಸಿದಳು. ಅಕ್ಕಾರ ಕುಟ್ಟಿಟ್ಟ ಹಿಂಡಿಯ ಡಬ್ಬಿ ಕಪಾಟಿನಲ್ಲಿತ್ತು. ಅದನ್ನು ಯಾರೂ ತೆರೆಯಲಿಲ್ಲ, ಯಾರೂ ಸರಿಸಲಿಲ್ಲ. ಮಾಬುಬಿ ದಿನಾ ಅದರ ಸುತ್ತ ಒರೆಸಿ ಬಾಗಿಲು ಮುಚ್ಚುತ್ತಿದ್ದಳು. "ನೀರಿನ ಒತ್ತಡ ಎಷ್ಟೈತಿ?" "ಸರಿ ಐತಿ." "ಪಾಳಿ ಯಾರ್ದು?" "ನಂದ." ಇಷ್ಟೇ ಅವರ ಮಾತು. ಒಂದು ವಾಕ್ಯ ಉದ್ದವಾದರೆ ಎಲ್ಲಿ ಅವಳ ಹೆಸರು ಬಂದುಬಿಡುತ್ತದೋ ಎಂಬ ಹೆದರಿಕೆ.

ಕೊಂಡಿ ತಟ್ಟುವ ಪದ್ಧತಿಯನ್ನು ಸಿದ್ಲಿಂಗಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಅವನು ಹೆಲ್ಮೆಟ್ ಹಾಕಿಕೊಂಡೇ ತಟ್ಟುತ್ತಿದ್ದ. ಆ ಟಣ್ ಕಿವಿಗೆ ಬಿದ್ದರೆ ಎದೆ ಒಡೆಯುತ್ತದೆಂದು ಅವನಿಗೆ ಗೊತ್ತಿತ್ತು. ಹನ್ನೆರಡು ಏಟು, ಆಮೇಲೆ ದಿನಚರಿಯಲ್ಲಿ 'ಹನ್ನೆರಡೂ ಸರಿ'. ಎರಡು ವರ್ಷ ಅವನು ಒಂದು ಸದ್ದನ್ನೂ ಕೇಳದೆ ಹಾಗೆ ಬರೆದ. ಹಾಗಾಗಿ ನನ್ನ ಕುತ್ತಿಗೆ ಬಿರುಕುಬಿಟ್ಟಿದೆ, ನಾನು ಬೇಕೆಂದಾಗ ಟಣ್ ಎನ್ನಬಲ್ಲೆ, ಬೇಡವೆಂದಾಗ ದಬ್ ಎನ್ನಬಲ್ಲೆ ಎಂಬುದು ಯಾರಿಗೂ ತಿಳಿಯಲಿಲ್ಲ.

ಎರಡು ವರ್ಷದ ಮೇಲೆ ಮಲಪ್ರಭಾಗೆ ಮತ್ತೆ ಮೂರನೇ ಕಟ್ಟೆಗೆ ಹೋಗುವ ಆದೇಶ ಬಂತು. ಸಿದ್ಲಿಂಗಪ್ಪ ನಿಯಮಾವಳಿಯ ಹಳೆಯ ಪುಟವೊಂದನ್ನು ಹುಡುಕಿ ತೆಗೆದ. ಕ್ಯಾಪ್ಟನ್ ಕೋರಿದರೆ ಕಟ್ಟೆಯ ಅಧೀಕ್ಷಕನೇ ಓಣಿಗಿಳಿದು ಕೊಂಡಿ ಪರೀಕ್ಷಿಸಬೇಕು ಎಂದು ಅದರಲ್ಲಿತ್ತು. ಅವನು ಕೋರಿಕೆ ಕಳಿಸಿದ. ಬೂಟಿಗೆ ಪಾಲಿಶ್ ಹಚ್ಚುತ್ತ ಕೂತ.

"ಹೊರಡೂ ಟೈಮಿಗೆ ಸರಿಯಾಗಿ ಕೋಲು ಎಳಿತೀನಿ," ಎಂದ. "ಒಂದ ಸೆಕೆಂಡ್ ಆಕಡೆ ಈಕಡೆ ಇಲ್ಲ. ನಿಯಮ ಅಂದ್ರ ನಿಯಮ."

"ನಿಯಮ ಅನಬ್ಯಾಡ ಅಣ್ಣಾ," ಎಂದಳು ಮಾಬುಬಿ. "ಕೊಲಿ ಅನ್ನು."

"ಅಕ್ಕಾರಿಗೆ ಮಾಡಿದ್ದಕ್ಕ ಏನಂದ್ರು? ಕೊಲಿ ಅಂದ್ರ?"

ಮಾಬುಬಿ ನನ್ನನ್ನು ಎತ್ತಿಕೊಂಡು ಬಟ್ಟೆಯಿಂದ ಒರೆಸಿದಳು. ಅವಳು ಬೇಡವೆನ್ನಲಿಲ್ಲ ಎಂಬುದನ್ನು ನಾನು ಗಮನಿಸಿದೆ. ನನಗೆ ಖುಷಿಯೇ ಆಯಿತು.

ವಿರೂಪಣ್ಣ ಬಂದ. ಸ್ವಲ್ಪ ದಪ್ಪಗಾಗಿದ್ದ. "ಇನ್ನೂ ಈ ಗಂಟಿ ಬಾರಸೂ ಪದ್ಧತಿ ಬಿಟ್ಟಿಲ್ಲೇನ್ರಿ?" ಎಂದು ನಕ್ಕ. ಮಾಬುಬಿ ಅವನ ಹೆಲ್ಮೆಟ್ ಇಸಿದುಕೊಂಡು, ನನ್ನನ್ನು ಕೈಗಿತ್ತಳು. "ಹೆಲ್ಮೆಟ್ ಇದ್ರ ಕೇಳಸೂದಿಲ್ರಿ ಸಾಹೇಬ್ರ. ಹನ್ನೆರಡೂ ನೋಡಿ ಹೇಳ್ರಿ. ಈಗ ಓಣ್ಯಾಗಿನ ಮಾತೆಲ್ಲ ನಮ್ಮ ದಾಖಲೆಗೆ ಹೊಕ್ಕಾವ. ನಾನ ತಂತಿ ಎಳದೀನಿ." ಹಿಂದೆ ಸರಿದು ಹಡಗಿನ ಬಾಗಿಲು ಮುಚ್ಚಿದಳು. ಕಟ್ಟೆಯ ಬಾಗಿಲು ಆಗಲೇ ಮುಚ್ಚಿತ್ತು.

ಆ ಬೆವರುಗೈಯಲ್ಲಿ ನಾನಿದ್ದೆ. ಅವನು ಕಿವಿ ಇಡಲೇ ಇಲ್ಲ. ಬಾಯಲ್ಲಿ ಏನೋ ಗುನುಗುತ್ತ ಬೇಗ ಬೇಗ ತಟ್ಟಿದ. "ಒಂದು, ಸರಿ. ಎರಡು, ಸರಿ." ಗಂಟೆ ಬಾರಿಸತೊಡಗಿತು. ಅವನು ತಲೆಯೆತ್ತಿದ.

ಧ್ವನಿವರ್ಧಕದಲ್ಲಿ ಸಿದ್ಲಿಂಗಪ್ಪನ ದನಿ ಬಂತು. ಎರಡು ವರ್ಷ ಅದುಮಿಟ್ಟ ದನಿ. "ಟೈಮ್ ಆತ್ರಿ ಸಾಹೇಬ್ರ. ಲಗೂನ ಮುಗಸ್ರಿ."

"ಏ, ಚೇಷ್ಟೆ ಮಾಡ್ತೀರೇನ್ರಿ?" ವಿರೂಪಣ್ಣ ನಗಲು ನೋಡಿದ. ಐದು, ಸರಿ. ಆರು, ಸರಿ. ಕೈ ಅವಸರಪಡುತ್ತಿತ್ತು. ಯಾಕೆ ಸಾಯುತ್ತಿದ್ದೇನೆಂದು ತಿಳಿಯದೆಯೇ ಇವನು ಸತ್ತುಹೋಗುತ್ತಾನೆ ಎಂದು ನನಗೆ ಆಗ ಹೊಳೆಯಿತು. ತಪ್ಪು ಅಕ್ಕಾರದ್ದು ಎಂದು ಬರೆದ ಕಾಗದ ಹಾಗೇ ಉಳಿಯುತ್ತದೆ. ಅದು ನನಗೆ ಸಾಲದಾಗಿತ್ತು.

ಏಳನೆಯ ಕೊಂಡಿಗೆ ಅವನು ನನ್ನನ್ನು ತಾಗಿಸಿದ.

ಕೊಂಡಿ ಹೊಸದು, ಗಟ್ಟಿಯಾಗಿತ್ತು. ನನ್ನ ಆಯುಷ್ಯದಲ್ಲಿ ಮೊದಲ ಸಲ ನಾನು ಸುಳ್ಳು ಹೇಳಿದೆ.

ದಬ್.

ಅವನ ಕೈ ನಿಂತುಹೋಯಿತು. ಮತ್ತೆ ತಟ್ಟಿದ. ದಬ್. ಅವನ ಉಸಿರು ನನ್ನ ಹಿಡಿಗೆ ತಾಗುತ್ತಿತ್ತು.

"ಕೊಂಡಿ ಬಿಡಬ್ಯಾಡ!" ಎಂದು ಚೀರಿದ. "ಸಿದ್ಲಿಂಗಪ್ಪಾ, ಏಳನೇದು ಮೂಕ ಐತೋ! ನಾ ಇನ್ನೂ ಒಳಗ ಅದೀನಿ! ಆಕಿನೂ ಹಿಂಗ ಅಂದಿದ್ಲು, ನಾ ಕೇಳಿದ್ದೆ, ನಾನ ಕೋಲು ಎಳದೆ... ಹಡಗಿನೊಳಗ ಓಡಿ ಹೋಗ್ತಾಳ ಅಂತ ತಿಳದಿದ್ದೆ. ನಾನ ದಾಖಲೆ ಅಳಸಿದೆ! ಬಿಡಬ್ಯಾಡೋ ಯಪ್ಪಾ!"

ಗಂಟೆ ಬಾರಿಸುತ್ತಲೇ ಇತ್ತು. ಧ್ವನಿವರ್ಧಕದಲ್ಲಿ ಯಾರೋ ಉಸಿರೆಳೆಯುವುದು ಕೇಳುತ್ತಿತ್ತು. ಎಳೆ ಎಂದು ನನ್ನ ಒಂದು ಮನಸ್ಸು ಕೂಗುತ್ತಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ ಮಾಬುಬಿಯ ದನಿ ಮೆಲ್ಲಗೆ ಕೇಳಿತು: "ದಾಖಲಾತು ಅಣ್ಣಾ. ಕೈ ತಗೀ. ಅಕ್ಕಾರ ಹಡಗಿದು."

ಗಂಟೆ ನಿಂತಿತು. ಕೊಂಡಿ ಬಿಡಲಿಲ್ಲ.

ಬಾಗಿಲು ತೆರೆದಾಗ ವಿರೂಪಣ್ಣ ನೆಲದ ಮೇಲೆ ಕೂತಿದ್ದ. ಮಾಬುಬಿ ಅವನನ್ನು ದಾಟಿ ಹೋಗಿ, ತನ್ನ ಪಾನಾದಿಂದ ಏಳನೆಯ ಕೊಂಡಿಯನ್ನು ತಟ್ಟಿದಳು. ಟಣ್! ಓಣಿಯೆಲ್ಲ ಮೊಳಗಿತು. ಅವಳು ನನ್ನನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಕುತ್ತಿಗೆಯ ಬಿರುಕು ಕಂಡಿತು. ಅದರ ಮೇಲೆ ಹೆಬ್ಬೆರಳಾಡಿಸಿ, "ಸುಮ್ನಿರು ಮತ್ತ, ಯಾರ ಮುಂದೂ ಹೇಳಬ್ಯಾಡ" ಎಂದು ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ದಿನಚರಿಯಲ್ಲಿ 'ಸುತ್ತಿಗೆ ಹಳೆಯದಾಗಿದೆ, ಬದಲಿ ಬೇಕು' ಎಂದಷ್ಟೇ ಬರೆದಳು.

ಬಾಗಿಲಲ್ಲಿ ಹೆಲ್ಮೆಟ್ ಇಲ್ಲದೆ ನಿಂತಿದ್ದ ಸಿದ್ಲಿಂಗಪ್ಪನಿಗೆ ಆ ಟಣ್ ಕೇಳಿತ್ತು. ಅವನು ನೇರ ಅಡುಗೆಮನೆಗೆ ಹೋಗಿ ಹಿಂಡಿಯ ಡಬ್ಬಿ ತೆರೆದ.

"ಕಮಟ ಆಗಿರ್ತೈತಿ ಅಣ್ಣಾ," ಎಂದಳು ಮಾಬುಬಿ.

"ಆಗ್ಲಿ, ರೊಟ್ಟಿ ಕೊಡು."

ಇಬ್ಬರೂ ತಿಂದರು. ಅವನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. "ಖಾರ ಭಾಳ ಹಾಕ್ಯಾಳ," ಎಂದ. "ಹೂಂ, ಭಾಳ," ಎಂದು ಅವಳೂ ಸೆರಗಿನಿಂದ ಮುಖ ಒರೆಸಿಕೊಂಡಳು. ಡಬ್ಬಿಯ ತಳ ಕಾಣುವವರೆಗೂ ಅವರು ಏಳಲಿಲ್ಲ.

ವಿಚಾರಣೆ ಮತ್ತೆ ನಡೆದು ಗಂಗವ್ವನ ಹೆಸರಿನ ಮೇಲಿದ್ದ ತಪ್ಪು ಅಳಿಯಿತು. ಹಿತ್ತಾಳೆ ಫಲಕ ಇಳಿಯಿತು. ವಿರೂಪಣ್ಣನಿಗೆ ಏನು ಶಿಕ್ಷೆ ಬೇಕೆಂದು ಕೇಳಿದಾಗ ಸಿದ್ಲಿಂಗಪ್ಪ ಜೈಲು ಕೇಳಲಿಲ್ಲ. ಅವನು ಕೇಳಿದ್ದನ್ನೇ ಕೊಟ್ಟರು. ಈಗ ಮೂರನೇ ಕಟ್ಟೆಯಿಂದ ಹೊರಡುವ ಪ್ರತಿ ಹಡಗಿನ ಹನ್ನೆರಡು ಕೊಂಡಿಗಳನ್ನು ವಿರೂಪಣ್ಣನೇ, ಹೆಲ್ಮೆಟ್ ತೆಗೆದು, ಕಿವಿ ಇಟ್ಟು ತಟ್ಟಬೇಕು. ಅಲ್ಲಿ ಅವನ ಕೆಲಸ ಇರುವ ತನಕ.

ನಾನು ಈಗ ಮಾಬುಬಿಯ ಸಾಮಾನಿನ ಪೆಟ್ಟಿಗೆಯ ಮೂಲೆಯಲ್ಲಿದ್ದೇನೆ, ಅಕ್ಕಾರ ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು. ಆ ದಿನದ ಮೇಲೆ ನನ್ನ ದನಿ ಹೋಯಿತು. ಯಾವುದಕ್ಕೆ ತಾಗಿದರೂ ದಬ್. ಒಂದು ಸುಳ್ಳಿಗೆ ನನ್ನ ಕಸುಬನ್ನೇ ಕೊಟ್ಟೆ. ಯಂಕಪ್ಪ ಇದ್ದಿದ್ದರೆ ನನ್ನನ್ನು ಕೈಯಲ್ಲಿ ಹಿಡಿಯುತ್ತಿರಲಿಲ್ಲವೇನೋ. ಅದಕ್ಕಾಗಿ ಸಂಕಟವಿದೆ. ಪಶ್ಚಾತ್ತಾಪವಿಲ್ಲ.

ವರ್ಷಕ್ಕೆ ಎರಡು ಸಲ ಮಲಪ್ರಭಾ ಮೂರನೇ ಕಟ್ಟೆಗೆ ಬರುತ್ತದೆ. ಹೊರಡುವ ಹೊತ್ತಿಗೆ ಹಡಗಿನ ಮೈಯಲ್ಲೆಲ್ಲ ಆ ಸದ್ದು ಹರಿದು ನನ್ನ ಮೂಲೆಗೂ ಬರುತ್ತದೆ. ಟಣ್, ಟಣ್, ಟಣ್. ಆರರವರೆಗೂ ಸರಾಗ. ಏಳನೆಯದಕ್ಕೆ ಅವನ ಕೈ ತಡೆಯುತ್ತದೆ. ಎಷ್ಟು ವರ್ಷವಾದರೂ ಅದು ಕಡಿಮೆಯಾಗಿಲ್ಲ. ನಾನು ಟವೆಲ್ಲಿನೊಳಗೆ ಕಾಯುತ್ತ ಮಲಗಿರುತ್ತೇನೆ. ಅವನು ಹೊಡೆಯುವವರೆಗೆ ನಾನೂ ಉಸಿರು ಬಿಡುವುದಿಲ್ಲ.