ಒಂದು ಗ್ರಾಫಿಕ್ಸ್ ಕಾರ್ಡ್ ಸಾಕು

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನ ಫೋನು ಬಂತು. ಮಂಗಳವಾರ ಮಧ್ಯಾಹ್ನ ನಾನು ಪ್ರಯೋಗ ಮಾಡಿದೆ. ಬುಧವಾರ ಪಟ್ಟಿಗೆ ಸಹಿ ಹಾಕಬೇಕಿತ್ತು. ಅದೇ ಕ್ರಮದಲ್ಲಿ ಹೇಳುತ್ತೇನೆ.

ನಮ್ಮ ಕಂಪನಿ ತಯಾರಿಸುವುದು ಡೀಬಗ್ಗರ್: ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ತಡೆದು, ತಪ್ಪು ಎಲ್ಲಿದೆಯೆಂದು ತೋರಿಸುವ ಉಪಕರಣ. ಪ್ರೊಸೆಸರಿನಲ್ಲೂ ಗ್ರಾಫಿಕ್ಸ್ ಕಾರ್ಡಿನಲ್ಲೂ ಅದು ಕೆಲಸ ಮಾಡುತ್ತದೆ. ಅದನ್ನು ಬಳಸಲು ಎಂಥ ಯಂತ್ರ ಬೇಕೆಂಬ ಒಂದು ಪುಟದ ಪಟ್ಟಿಯನ್ನು ಪರೀಕ್ಷಿಸಿ ಸಹಿ ಹಾಕುವ ಹೊಣೆ, ಸೇರಿ ಐದು ತಿಂಗಳಾದ ನನ್ನ ಪಾಲಿಗೆ ಬಂದಿತ್ತು. ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಗಬೇಕು. ಅದರ ಆದೇಶದ ಕಾಗದ ನಮ್ಮ ಮುಖ್ಯಸ್ಥರ ಡ್ರಾಯರಿನಲ್ಲಿತ್ತು.

ಅಕ್ಕ ಮನೆಯಲ್ಲಿಯೇ ಕುಳಿತು ಪ್ರೋಗ್ರಾಮ್ ಬರೆಯುವವಳು. ಕರಡು ಪಟ್ಟಿಯೊಂದಿಗೆ ಹೊರಬಂದಿದ್ದ ನಮ್ಮ ಪ್ರಾಯೋಗಿಕ ಆವೃತ್ತಿಯನ್ನು ಅಂದು ಮೊದಲ ಸಲ ಬಳಸಿದ್ದಳು.

"ಏನೇ ಇದು? ತಪ್ಪು ಹುಡುಕು ಅಂದ್ರೆ ಕಂಪ್ಯೂಟರಿಗೇ ಲಕ್ವ ಹೊಡೆಸ್ತು! ಪರದೆ ಕಲ್ಲಾಗಿ ಕೂತಿದೆ, ಮೌಸ್ ಕೂಡ ಮಿಸುಕಲ್ಲ."

"ಪಟ್ಟಿ ಓದಿದ್ಯೇನೇ ಅಕ್ಕಾ?"

"ಓದ್ದೆ ಕಣೇ. ಒಂದು ಗ್ರಾಫಿಕ್ಸ್ ಕಾರ್ಡ್ ಸಾಕು ಅಂತಿದೆ. ನನ್ನ ಹತ್ರ ಇರೋದೂ ಒಂದೇ. ಬೆಳಗ್ಗಿಂದ ಬರೆದಿದ್ದೆಲ್ಲ ಹೋಯ್ತು. ಅದಕ್ಕೆ ಸಹಿ ಹಾಕೋ ಮಹಾರಾಯ್ತಿ ನೀನೇ ತಾನೇ?"

ಇನ್ನೂ ಹಾಕಿರಲಿಲ್ಲ.

ನಮ್ಮ ಪರೀಕ್ಷಾ ಕೊಠಡಿಯಲ್ಲಿ ಹದಿನಾಲ್ಕು ಯಂತ್ರಗಳಿವೆ. ಒಂದೊಂದರಲ್ಲೂ ಒಂದೇ ಕಾರ್ಡ್. ಇನ್ನೂರ ಹತ್ತು ಸಲ ಪರೀಕ್ಷಿಸಿದ್ದೆವು, ಒಮ್ಮೆಯೂ ತೊಂದರೆ ಕಂಡಿರಲಿಲ್ಲ. ಮಂಗಳವಾರ ಆ ಯಂತ್ರಗಳ ಮುಂದೆ ನಿಂತಾಗ ಕಾರಣ ಹೊಳೆಯಿತು. ಅಲ್ಲಿ ಒಂದಕ್ಕೂ ಪರದೆಯೇ ಇಲ್ಲ. ಎಲ್ಲವನ್ನೂ ನಾವು ಪಕ್ಕದ ಕೋಣೆಯ ಮೇಜುಗಳಿಂದ, ನೆಟ್‌ವರ್ಕ್ ಮೂಲಕ ನಡೆಸುತ್ತೇವೆ. ಜಾಗ ಉಳಿಯಲೆಂದು ಯಾರೋ ಮಾಡಿದ ಏರ್ಪಾಡು ನಮಗೆಲ್ಲ ರೂಢಿಯಾಗಿಬಿಟ್ಟಿತ್ತು.

ಸಾಮಾನು ಕೋಣೆ ನೋಡಿಕೊಳ್ಳುವ ಹಿರಿಯರನ್ನು ಎಲ್ಲರೂ ವೈರ್ ಮಾಮ ಎನ್ನುತ್ತಾರೆ. ಅವರಲ್ಲಿ ಒಂದು ಪರದೆ ಕೇಳಿದೆ.

"ಆ ಡಬ್ಬಗಳಿಗಾ? ಸಿನಿಮಾ ಹಾಕಿ ಕೂರಿಸ್ತೀಯೇನಮ್ಮಾ?"

"ಅವು ನೋಡೋಕಲ್ಲ ಮಾಮ, ನಾನು ನೋಡೋಕೆ."

ಧೂಳು ಊದಿ, ತಾವೇ ತಂದು ಜೋಡಿಸಿದರು. ಕಾರ್ಡಿನ ಮೇಲೆ ಓಡುತ್ತಿದ್ದ ಪ್ರೋಗ್ರಾಮನ್ನು ನಾನು ನಲವತ್ತೊಂದನೆಯ ಸಾಲಿನಲ್ಲಿ ತಡೆದೆ. ಪರದೆಯ ಮೂಲೆಯ ಗಡಿಯಾರ ಎರಡು ಗಂಟೆ ಹದಿನೇಳು ನಿಮಿಷಕ್ಕೆ ನಿಂತಿತು. ಪ್ರೋಗ್ರಾಮಿನ ಲೆಕ್ಕ ಮಾಡುವ ಕಾರ್ಡೇ ಪರದೆಯ ಮೇಲಿನ ಚಿತ್ರವನ್ನೂ ಮೂಡಿಸುತ್ತದೆ. ಒಂದನ್ನು ತಡೆದರೆ ಇನ್ನೊಂದೂ ನಿಲ್ಲುತ್ತದೆ. ಹತ್ತು ನಿಮಿಷ ಕಳೆದ ಮೇಲೆ ಮಾಮ ತಮ್ಮ ಕೈಗಡಿಯಾರ ನೋಡಿಕೊಂಡು, "ಪಾಪ, ಇದಕ್ಕಿನ್ನೂ ಊಟದ ಬಿಡುವು ಮುಗಿದಿಲ್ಲ" ಎಂದರು.

ಎರಡನೆಯ ಕಾರ್ಡ್ ಹಾಕಿ, ಪರದೆಯನ್ನು ಅದಕ್ಕೆ ಜೋಡಿಸಿ ಮತ್ತೆ ತಡೆದೆ. ಗಡಿಯಾರ ನಡೆಯುತ್ತಲೇ ಇತ್ತು. ಸಂಜೆಯೊಳಗೆ ಹದಿನಾಲ್ಕನ್ನೂ ಹಾಗೆಯೇ, ಮೊದಲು ಒಂದು ಕಾರ್ಡಿನಿಂದ, ಆಮೇಲೆ ಎರಡರಿಂದ ನೋಡಿ, ಒಂದೇ ಕಾರ್ಡಿದ್ದಾಗ ನಿಂತ ಗಡಿಯಾರಗಳ ಫೋಟೋ ತೆಗೆದೆ.

ಬುಧವಾರ ಮುಖ್ಯಸ್ಥರು ಫೋಟೋಗಳನ್ನು ಪಕ್ಕಕ್ಕಿಟ್ಟರು.

"ಎರಡು ಕಾರ್ಡ್ ಬೇಕು ಅಂತ ಬರೆದ್ರೆ ಯಾರಮ್ಮಾ ಕೊಳ್ತಾರೆ? ಇನ್ನೂರ ಹತ್ತು ಸಲ ಪಾಸಾಗಿದೆ."

"ಇನ್ನೂರ ಹತ್ತು ಸಲಾನೂ ನಾವು ಪರದೆ ನೋಡಿಲ್ಲ, ಸರ್."

"ಅಲ್ಲ, ಆ ಪಟ್ಟೀನ ಯಾರು ಓದ್ತಾರೆ?"

"ನಮ್ಮಕ್ಕ ಓದಿದ್ಳು, ಸರ್."

"ನಿನ್ನ ಕಾಯಂ ಕಾಗದ ಈ ಡ್ರಾಯರಲ್ಲೇ ಇದೆ. ಗೊತ್ತಲ್ಲ?"

"ಗೊತ್ತು ಸರ್. ಅಲ್ಲೇ ಇರಲಿ."

ಅವರು ಪೆನ್ನನ್ನು ನನ್ನ ಕಡೆ ತಳ್ಳಿದರು. 'ಒಂದು ಗ್ರಾಫಿಕ್ಸ್ ಕಾರ್ಡ್ ಸಾಕು' ಎಂಬ ಸಾಲನ್ನು ಹೊಡೆದುಹಾಕಿ, ಕೆಳಗೆ ಬೇರೆ ಬರೆದು, ಸಹಿ, ದಿನಾಂಕ, ಸಮಯ ನಮೂದಿಸಿ ಹಿಂದಿರುಗಿಸಿದೆ.

"ಇದನ್ನ ನಾನು ಹರಿದು ಹಾಕ್ಬಹುದು."

"ಹರೀರಿ, ಸರ್. ಇನ್ನೊಂದು ಕೊಟ್ರೂ ಇದನ್ನೇ ಬರೀತೀನಿ."

ಅವರು ಹರಿಯಲಿಲ್ಲ. ಡ್ರಾಯರನ್ನೂ ತೆರೆಯಲಿಲ್ಲ. ಹಾಳೆಯನ್ನು ಹತ್ತಿರಕ್ಕೆಳೆದುಕೊಂಡು ನಾನು ಬರೆದದ್ದನ್ನು ಓದಿದರು:

ಯಂತ್ರದ ಮುಂದೆಯೇ ಕುಳಿತು ಬಳಸುವವರಿಗೆ ಕನಿಷ್ಠ ಅಗತ್ಯ ಎರಡು ಗ್ರಾಫಿಕ್ಸ್ ಕಾರ್ಡ್. ಒಂದೇ ಕಾರ್ಡ್ ಇದ್ದಾಗ, ಪರೀಕ್ಷಿಸಿದ ಹದಿನಾಲ್ಕು ಯಂತ್ರಗಳಲ್ಲಿ ಹದಿನಾಲ್ಕರ ಪರದೆಯೂ ನಿಂತಿತು.