ಲಿಂಡ್ಸೆಯ ಬಾರ್ಲಿ ಚೀಲ

ಬ್ಯಾಲರಟ್ ಊರಿನ ಲಿಂಡ್ಸೆ ಪರ್ಡಿ ಹನ್ನೊಂದು ವರ್ಷ ಡಬ್ಬಿಯಲ್ಲಿ ಸಿದ್ಧವಾಗಿ ಸಿಗುವ ಬಾರ್ಲಿ ಮಾಲ್ಟ್ ಪಾಕಕ್ಕೆ ನೀರು ಬೆರೆಸಿ, ಮನೆಯಲ್ಲೇ ಬಿಯರ್ ಮಾಡಿಕೊಂಡು ಸುಖವಾಗಿದ್ದ. ಈಸ್ಟರ್ ಕಳೆದ ಮೇಲೆ ಅವನಿಗೆ ಜ್ಞಾನೋದಯವಾಯಿತು. ಇನ್ನು ಮುಂದೆ ಬಾರ್ಲಿ ಕಾಳನ್ನೇ ಚೀಲದಲ್ಲಿ ಕಟ್ಟಿ, ಬಿಸಿನೀರಿನಲ್ಲಿ ನೆನೆಸಿ, ಅದರ ಸಿಹಿಯನ್ನು ತಾನೇ ಇಳಿಸಿಕೊಳ್ಳುವುದು. ಡಬ್ಬಿಯನ್ನು ಕೈಯಲ್ಲೂ ಮುಟ್ಟುವುದಿಲ್ಲ.

ಜ್ಞಾನೋದಯವಾದವರು ಸುಮ್ಮನಿರುತ್ತಾರೆಯೇ? ಬೇಲಿಯಾಚೆಯ ಮುದುಕ ವೆರ್ನ್ ಇನ್ನೂ ಡಬ್ಬಿಯವನೇ. "ಡಬ್ಬಿ ಬಿಯರ್ ಕುಡಿಯೋದೂ ಒಂದೇ, ಪುಡಿ ಸೂಪ್ ಕುಡಿಯೋದೂ ಒಂದೇ ಕಣೋ," ಎಂದು ಲಿಂಡ್ಸೆ, ಮನೆಯಲ್ಲಿ ಬಿಯರ್ ಮಾಡುವವರ ಕೂಟದಲ್ಲಿ ಎಲ್ಲರೆದುರೇ ಅವನಿಗೆ ಅಂದ. ಸಾಲದ್ದಕ್ಕೆ, ಚಳಿಗಾಲದ ಸ್ಪರ್ಧೆಯಲ್ಲಿ ತನ್ನ ಚೀಲದ ಬಿಯರ್ ಗೆಲ್ಲದಿದ್ದರೆ ಮತ್ತೆ ಕೂಟಕ್ಕೆ ಕಾಲಿಡುವುದಿಲ್ಲ ಎಂದು ಸವಾಲು ಬೇರೆ. ವೆರ್ನ್ ಸಾಸೇಜ್ ಅಗಿಯುತ್ತ ತಲೆಯಾಡಿಸಿದ.

ಚೀಲಕ್ಕೆ ತೆಳು ಬಟ್ಟೆ ಬೇಕಿತ್ತು. ಅಡುಗೆಮನೆ ಕಿಟಕಿಯ ಪರದೆ ಕಣ್ಣಿಗೆ ಬಿತ್ತು.

"ಅಯ್ಯೋ, ಅದು ನಮ್ಮಮ್ಮ ಕೊಟ್ಟಿದ್ದು!" ಎಂದು ಹೆಂಡತಿ ನೋಲೀನ್ ಕಿರುಚುವಷ್ಟರಲ್ಲಿ ಕತ್ತರಿ ಅರ್ಧ ದಾರಿ ದಾಟಿತ್ತು.

ಅಂಗಡಿಯವಳು ಕಾಳು ತೂಗುತ್ತ, "ಒಡೆಸಿ ಕೊಡ್ಲಾ?" ಎಂದಳು. "ಬೇಡಮ್ಮ, ಹಾಗೇ ಕೊಡು, ತಾಜಾ ಇರ್ಲಿ," ಎಂದ ಮಹಾಪಂಡಿತ. ಒಡೆಯದ ಕಾಳು ಸಿಹಿ ಬಿಟ್ಟುಕೊಡುವುದಿಲ್ಲ ಎಂದು ಅವನು ನೋಡಿದ ಹದಿನಾಲ್ಕು ವಿಡಿಯೊಗಳಲ್ಲೂ ಇತ್ತು. ಆ ಭಾಗವನ್ನು ಅವನು ನೋಡದೆ ಮುಂದಕ್ಕೆ ಓಡಿಸಿಬಿಟ್ಟಿದ್ದ.

ಭಾನುವಾರ ಮಧ್ಯಾಹ್ನ ಚೀಲ ಒಲೆಯ ಮೇಲಿನ ಹಂಡೆಯಲ್ಲಿ ಒಂದೂವರೆ ಗಂಟೆ ನೆನೆಯಿತು. ಎತ್ತಿ, ಹಿಂಡಿ, ರುಚಿ ನೋಡಿದರೆ ಕಾಳು ತೊಳೆದ ನೀರು! ಅಂಗಡಿ ಮುಚ್ಚಿತ್ತು. ಇವತ್ತು ಹಾಕದಿದ್ದರೆ ಸ್ಪರ್ಧೆಯ ಹೊತ್ತಿಗೆ ಬಿಯರ್ ಹದಕ್ಕೆ ಬರುವಂತಿರಲಿಲ್ಲ. ಲಿಂಡ್ಸೆಗೆ ನಿಜಕ್ಕೂ ಅಳು ಬಂತು. ಆಮೇಲೆ ಬಟ್ಟೆ ಒಗೆಯುವ ಯಂತ್ರದ ಹಿಂದೆ ಹಳೆಯ ಎರಡು ಡಬ್ಬಿಗಳಿರುವುದು ನೆನಪಾಯಿತು. ನೋಲೀನ್ ಮನೆಯಲ್ಲಿರಲಿಲ್ಲ. ಎರಡನ್ನೂ ಹಂಡೆಗೆ ಸುರಿದು, ತಳವನ್ನು ಬೆರಳಿನಿಂದ ಬಳಿದು ಹಾಕಿದ.

ಬಿಯರ್ ಗೆದ್ದಿತು. ತೀರ್ಪುಗಾರ ಕಣ್ಣು ಮುಚ್ಚಿ ಗುಟುಕರಿಸಿ, "ಇದು ನೋಡಿ ಕಾಳಿನ ರುಚಿ ಅಂದ್ರೆ! ಡಬ್ಬಿಯಲ್ಲಿ ಇದು ಜನ್ಮದಲ್ಲಿ ಬರಲ್ಲ," ಎಂದ. ಲಿಂಡ್ಸೆ ನಾಚಿಕೆಯಿಲ್ಲದೆ ಚಪ್ಪಾಳೆ ಹೊಡೆಸಿಕೊಂಡು, ಬಾರ್ಲಿಯ ಮೇಲೆ ಹತ್ತು ನಿಮಿಷ ಭಾಷಣವನ್ನೂ ಬಿಗಿದ.

ಭಾಷಣ ಮುಗಿದ ಮೇಲೆ ವೆರ್ನ್ ಎದ್ದು ಬಂದು ಅವನ ಕೈಗೆ ಒಂದು ಪೊಟ್ಟಣ ಕೊಟ್ಟ.

"ನಿನಗೊಂದು ಉಡುಗೊರೆ ಕಣಯ್ಯ. ಬಿಚ್ಚು."

ಬಿಚ್ಚಿದರೆ ಹೂವಿನಂಚಿನ ಹೊಸ ಪರದೆ.

"ಇನ್ನೊಂದು ಚೀಲ ಹೊಲಿಯೋಕಾ?" ಲಿಂಡ್ಸೆ ನಕ್ಕ.

"ಅಲ್ಲಪ್ಪ, ಕಿಟಕಿಗೆ," ಎಂದ ವೆರ್ನ್, ಎಲ್ಲರಿಗೂ ಕೇಳುವಂತೆ. "ನೀನು ಪರದೆ ಕತ್ತರಿಸಿದಾಗಿಂದ ನಮ್ಮನೆ ಸಿಂಕ್ ಹತ್ರ ನಿಂತ್ರೆ ನಿಮ್ಮ ಒಲೆ ಪೂರ್ತಿ ಕಾಣತ್ತೆ. ಆ ಎರಡನೇ ಡಬ್ಬಿನಾದ್ರೂ ಚಮಚದಲ್ಲಿ ಬಳೀಬಾರ್ದಿತ್ತಾ ಮಾರಾಯ? ಬೆರಳು ಕೊಯ್ಕೊಂಡಿದ್ರೆ?"

ತೀರ್ಪುಗಾರ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.