ಕಾಲು ಲೋಟ ಚಹಾ

ಕಡಲು ಕೆರಳಿದ ದಿನ ಆ ಯುದ್ಧನೌಕೆಯ ಅಡುಗೆಮನೆಯಲ್ಲಿ ಒಂದೇ ಕಟ್ಟಳೆ: ಪಾತ್ರೆಯಾಗಲಿ ಲೋಟವಾಗಲಿ, ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು. ಅಡುಗೆಯವನು ಅದನ್ನು ಎಂದೂ ಮೀರಿದವನಲ್ಲ. ಮಾತು ಕಡಿಮೆ, ಕೈಯಳತೆ ಖಚಿತ.

ಅವನ ಅಕ್ಕನ ಗಂಡ ಅದೇ ಹಡಗಿನ ಇಂಜಿನ್ ಮೆಕ್ಯಾನಿಕ್. ಬಿರುಗಾಳಿ ಶುರುವಾದ ಬೆಳಿಗ್ಗೆ ಅವನು ಮೈಯೆಲ್ಲ ಎಣ್ಣೆ ಮಾಡಿಕೊಂಡು, ಕಂಬಿ ಹಿಡಿದು ತೂರಾಡುತ್ತ ಬಂದು, ತನಗೆ ಕೊಟ್ಟ ಚಹಾ ಲೋಟದೊಳಗೆ ಇಣುಕಿದ.

“ಏನೋ ಭಾವಮೈದ, ಇದು ಗುಬ್ಬಚ್ಚಿಗಾ, ನನಗಾ? ಎಂಜಲು ಕೈಲಿ ಕಾಗೆ ಓಡಿಸೋನಲ್ಲ ನೀನು. ನಿಮ್ಮಕ್ಕನೂ ಹೀಗೇ!”

ಸುತ್ತಲಿದ್ದವರು ಗೊಳ್ಳೆಂದರು. ಅಡುಗೆಯವನ ಕಿವಿ ಕೆಂಪಾಯಿತು. ಮಾತಿಗೆ ಮಾತು ಕೊಡಲು ಬಾರದವನು ಕೆಟಲಿಗೆ ಕಂಠಮಟ್ಟ ನೀರು ತುಂಬಿ, ಒಲೆಯ ಕಂಬಿಗೆ ಬಿಗಿದ.

“ಕುಡೀರಿ ಭಾವ, ಹೊಟ್ಟೆ ಬಿರಿಯೋ ಹಾಗೆ.”

ನೀರು ಮರಳುವ ಹೊತ್ತಿಗೆ ಹಡಗು ಎಡಕ್ಕೆ ವಾಲಿತು. ಇನ್ನು ಏಳಲಾರದು ಅನ್ನಿಸುವಷ್ಟು ವಾಲಿತು. ತುಂಬಿದ ಕೆಟಲಿಯ ಭಾರಕ್ಕೆ ಕಟ್ಟು ಕಿತ್ತುಬಂತು. ಕುದಿನೀರೆಲ್ಲ ಭಾವನ ಮುಖದ ಮೇಲೆ.

ಹಡಗಿನ ವೈದ್ಯರು ಕಣ್ಣಿಗೆ ಪಟ್ಟಿ ಕಟ್ಟಿ ಹೇಳಿದರು: “ಬೇಗ ದಡ ಸೇರಿದ್ರೆ ಒಂದು ಕಣ್ಣಾದ್ರೂ ಉಳಿದೀತು.”

ದಡ ಬೆನ್ನ ಹಿಂದಿತ್ತು. ಅಲೆಗೆ ಮುಖ ಕೊಟ್ಟೇ ಸಾಗಬೇಕು. ತಿರುಗಲು ಹೋಗಿ ಅಡ್ಡಲಾದರೆ ಅಷ್ಟು ದೊಡ್ಡ ಹಡಗೂ ಮಗುಚೀತು ಎಂದರು ಕ್ಯಾಪ್ಟನ್. ಎಲ್ಲರ ಜೀವ ಕಾಯುತ್ತಿದ್ದ ಇಂಜಿನ್ನೇ ಭಾವನನ್ನು ಆಸ್ಪತ್ರೆಯಿಂದ ದೂರ ದೂರ ಒಯ್ಯುತ್ತಿತ್ತು. ಅಡುಗೆಯವನು ಭಾವ ಮಲಗಿದ್ದ ಮಂಚದ ಕಾಲು ತಬ್ಬಿ ಕೂತು ಆ ಸದ್ದು ಕೇಳಿದ. ನಿಲ್ಲಲಿ ಎಂದು ಬೇಡುವಂತಿಲ್ಲ. ನಡೆಯಲಿ ಎನ್ನಲು ಬಾಯಿ ಬರಲಿಲ್ಲ. ಗೋಡೆಯ ಉಕ್ಕು ನರಳುತ್ತಿತ್ತು. ಯಾರೋ ವಾಂತಿ ಮಾಡುತ್ತಿದ್ದರು.

“ಅಕ್ಕಂಗೆ ಏನು ಹೇಳ್ತೀಯೋ?” ಭಾವ ಕೇಳಿದ.

ಅಡುಗೆಯವನು ಜಾರಿದ ಕಂಬಳಿಯನ್ನು ಭಾವನ ಮೇಲೆ ಎಳೆದ.

“ಹಡಗು ವಾಲ್ತು ಅನ್ನು. ಸುಳ್ಳೇನಲ್ಲವಲ್ಲ.”

ಕಡಲು ತಣಿದು ಹಡಗು ದಡದತ್ತ ತಿರುಗಿದಾಗ ವೈದ್ಯರು ಪಟ್ಟಿ ಬಿಚ್ಚಿ ನೋಡಿ, ಮತ್ತೆ ಕಟ್ಟಿದರು. ಬಾಗಿಲಾಚೆ ಬಂದು, “ತಡವಾಯ್ತಪ್ಪ. ಎರಡೂ ಹೋಗಿವೆ,” ಎಂದರು.

ಅಡುಗೆಯವನು ಏನು ಮಾಡಲೂ ತೋಚದೆ ಚಹಾ ಕಾಸಿ, ಕೆಟಲಿ ಸಮೇತ ತಂದು, ಲೋಟಕ್ಕೆ ಬಗ್ಗಿಸಿ ಭಾವನ ಕೈಗಿಟ್ಟ. ಭಾವ ಲೋಟವನ್ನು ಕೈಯಲ್ಲೇ ತೂಗಿ ನೋಡಿದ.

“ಗಾಳಿ ಇನ್ನೂ ನಿಂತಿಲ್ವೇನೋ?”

“ನಿಂತಿದೆ ಭಾವ.”

“ಮತ್ತೆ?”

ಭಾವ ಲೋಟ ಮುಂದೆ ಚಾಚಿದ. ನೆಲ ಒಂದಿಷ್ಟೂ ಅಲುಗುತ್ತಿರಲಿಲ್ಲ. ಅಡುಗೆಯವನು ಕೆಟಲಿ ಎತ್ತಿದ. ಎತ್ತಿದ ಕೈ ಬಾಗಲಿಲ್ಲ.